ಹಿಮದ ದಾರಿ ನೋಡಿಕೊಂಡ ಮೂರು ಚಳಿಗಾಲ, ಮತ್ತು ನಮ್ಮ ಟೇಕಡಿಯ ದಾರಿ

ಕೋಥ್ರೂಡ್ ಧಾರವಾಡಿ, ಏಪ್ರಿಲ್ 6

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಮೂರು ವರ್ಷ ನಾರ್ವೆಯಲ್ಲಿದ್ದು ಈ ಫೆಬ್ರುವರಿಯಲ್ಲಿ ಪುಣೆಗೆ ವಾಪಸ್ ಬಂದೆ. ಓಸ್ಲೋದಿಂದ ರೈಲಿನಲ್ಲಿ ಒಂದು ಗಂಟೆ ದೂರದ ಸಣ್ಣ ಊರು. ಮೂರೂ ಚಳಿಗಾಲ ಆ ಊರಿನ ಸ್ಕೀ ದಾರಿ ನೋಡಿಕೊಳ್ಳುವವರ ಜೊತೆ ಕೆಲಸ ಮಾಡಿದೆ. ಸಂಬಳ ಇಲ್ಲ, ಸರ್ಟಿಫಿಕೇಟ್ ಇಲ್ಲ. ಅದರ ಬಗ್ಗೆ ಬರೆದು, ಆಮೇಲೆ ನಿಮ್ಮೆಲ್ಲರಿಗೂ ಒಂದು ಪ್ರಶ್ನೆ ಕೇಳಬೇಕು.

ಸ್ಕೀ ಅಂದರೆ ನಮಗೆ ಇಳಿಜಾರಿನಲ್ಲಿ ಜರ್ರನೆ ಜಾರುವುದು ನೆನಪಾಗುತ್ತದೆ. ಅಲ್ಲಿ ಜನ ಜಾಸ್ತಿ ಮಾಡುವುದು ಕಾಡಿನೊಳಗೆ ಕಾಲಿಗೆ ಉದ್ದ ಪಟ್ಟಿಯಂಥ ಸ್ಕೀ ಕಟ್ಟಿಕೊಂಡು ನಡೆಯುವುದು. ಪುಣೆಯಲ್ಲಿ ನಮ್ಮವರು ಬೆಳಿಗ್ಗೆ ಟೇಕಡಿ, ಅಂದರೆ ಊರೊಳಗಿನ ಗುಡ್ಡ, ಹತ್ತುತ್ತಾರಲ್ಲ, ಹಾಗೆ. ಅಜ್ಜ, ಅಜ್ಜಿ, ಐದು ವರ್ಷದ ಮಗು, ಎಲ್ಲರೂ. ಅದಕ್ಕೆ ಹಿಮದ ಮೇಲೆ ಎರಡು ಸಮನಾದ ಗೆರೆ ಬೇಕು, ಚಕ್ಕಡಿ ಜಾಡಿನ ಹಾಗೆ. ಒಂದೊಂದು ಸ್ಕೀ ಒಂದೊಂದು ಗೆರೆಯಲ್ಲಿ ಕೂರುತ್ತದೆ.

ಆ ಗೆರೆ ಹೊಡೆಯುವುದು ರಾತ್ರಿ. ದೊಡ್ಡ ಊರುಗಳಲ್ಲಿ ಟ್ಯಾಂಕಿನಂಥ ಪಟ್ಟಿ ಇರುವ ಗಾಡಿ ಬರುತ್ತದೆ. ನಮ್ಮ ಊರಲ್ಲಿ ಇದ್ದದ್ದು ಒಂದು ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಸಣ್ಣ ಗಾಡಿ), ಅದರ ಹಿಂದೆ ಎಳೆಯುವ ಕಬ್ಬಿಣದ ಚೌಕಟ್ಟು. ಹೊಲದಲ್ಲಿ ಕುಂಟೆ ಹೊಡೆಯುವುದನ್ನು ನೋಡಿದವರಿಗೆ ತಕ್ಷಣ ತಿಳಿಯುತ್ತದೆ. ಮೇಲಿನ ಗಟ್ಟಿ ಪದರ ಕೆರೆದು ಪುಡಿ ಮಾಡಿ, ಒತ್ತಿ ಸಮ ಮಾಡಿ, ಕೊನೆಗೆ ಎರಡು ಗೆರೆ ಅಚ್ಚು ಒತ್ತುತ್ತದೆ. ಪುಡಿಯಾದ ಹಿಮದ ಹರಳು ಚಳಿಗೆ ಒಂದಕ್ಕೊಂದು ಕಚ್ಚಿಕೊಳ್ಳಲು ಕೆಲವು ಗಂಟೆ ಬೇಕು. ಹೊಸ ಗಾರೆ ನೆಲ ಇದ್ದ ಹಾಗೆ. ಅದು ಗಟ್ಟಿಯಾಗುವವರೆಗೆ ಯಾರೂ ಕಾಲಿಡಬಾರದು.

ನನಗೆ ಅದು ಗೊತ್ತಿರಲಿಲ್ಲ. ಮೊದಲ ಡಿಸೆಂಬರ್‌ನಲ್ಲಿ ಒಂದು ಸಂಜೆ ಬೂಟು ಹಾಕಿಕೊಂಡು ಆ ಗೆರೆಗಳ ಮೇಲೇ ವಾಕಿಂಗ್ ಹೋದೆ. ಬೆಳಿಗ್ಗೆ ನೋಡಿದರೆ ನನ್ನ ಹೆಜ್ಜೆ ಒಂದೊಂದೂ ಕಲ್ಲಿನ ಗುಳಿಯಾಗಿ ನಿಂತಿತ್ತು. ಒಬ್ಬ ಹಿರಿಯರು ಮಂಡಿಯೂರಿ ಕೂತು ಸಲಿಕೆಯಿಂದ ಒಂದೊಂದನ್ನೇ ತುಂಬುತ್ತಿದ್ದರು. ಸ್ಕೀ ತುದಿ ಆ ಗುಳಿಗೆ ಸಿಕ್ಕರೆ ಮಕ್ಕಳು ಮುಖ ಅಡಿಯಾಗಿ ಬೀಳುತ್ತಾರೆ. ಇದು ನಾನೇ ಮಾಡಿದ್ದು ಅಂತ ಹೇಳಿದೆ. ಅವರು ಬೈಯಲಿಲ್ಲ. ಇನ್ನೊಂದು ಸಲಿಕೆ ಕೈಗೆ ಕೊಟ್ಟರು. ನಾನು ಈ ಕೆಲಸಕ್ಕೆ ಸೇರಿದ್ದು ಹೀಗೆ.

ರಾತ್ರಿಯ ಯಂತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಜಾಸ್ತಿ ದುಡಿಮೆ ಇರುವುದು ಹಿಮಕ್ಕಿಂತ ಮುಂಚೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ದಾರಿಯ ಹುಲ್ಲು, ಪೊದೆ ಸವರಬೇಕು. ನೆಲ ಬೋಳಾಗಿದ್ದರೆ ಸ್ವಲ್ಪ ಹಿಮ ಬಿದ್ದರೂ ದಾರಿ ಶುರು ಮಾಡಬಹುದು. ಮೋರಿಯಲ್ಲಿ ಸಿಕ್ಕ ಎಲೆ ತೆಗೆಯಬೇಕು, ಇಲ್ಲದಿದ್ದರೆ ನೀರು ದಾರಿ ಮೇಲೆ ಹರಿದು ಗಾಜಿನಂಥ ಮಂಜುಗಡ್ಡೆ ಆಗುತ್ತದೆ. ಮೊದಲ ಸಲ ಕೊಂಬೆ ಕಡಿಯುವಾಗ ನಾನು ನನ್ನ ತಲೆ ಎತ್ತರಕ್ಕೆ ಕಡಿದೆ. ಜೊತೆಗಿದ್ದವರು "ಇನ್ನೂ ಮೇಲೆ" ಅಂದರು. ಒಂದು ಮೀಟರ್ ಹಿಮ ಬಿದ್ದರೆ ನಡೆಯುವವನು ಒಂದು ಮೀಟರ್ ಮೇಲೆ ಇರುತ್ತಾನೆ, ಹಿಮದ ಭಾರಕ್ಕೆ ಕೊಂಬೆ ಕೆಳಗೆ ಬಾಗಿರುತ್ತದೆ. ಬಿಸಿಲಲ್ಲಿ ನಿಂತು, ಇನ್ನೂ ಬೀಳದ ಹಿಮವನ್ನು ಅಳೆದು ಕಡಿಯಬೇಕು.

ಈಗ ಪ್ರಶ್ನೆ. ವೇತಾಳ ಟೇಕಡಿಗೆ ವಾರಕ್ಕೆ ನಾಲ್ಕು ದಿನ ಹೋಗುತ್ತೇನೆ. ಒಂದು ಕಡೆ ಕಾಲುದಾರಿಯ ನಡುವೆ ಮೊಣಕಾಲಿನಷ್ಟು ಆಳದ ಕೊರಕಲು ಬಿದ್ದಿದೆ. ಅದನ್ನು ತಪ್ಪಿಸಲು ಜನ ಪಕ್ಕದಲ್ಲಿ ನಡೆದು ಈಗ ಅಲ್ಲಿ ನಾಲ್ಕು ದಾರಿ. ನಮ್ಮ ಹಿಮ ಅಂದರೆ ಮಳೆಯೇ ಅಲ್ವಾ? ಜೂನ್‌ಗೆ ಮುಂಚೆ ನಾವು ಹತ್ತು ಜನ ಸೇರಿ ಏನಾದರೂ ಮಾಡಬಹುದಾ?


ಠಾಣೆಯ ಕುಂದಾಪುರದವ, ಏಪ್ರಿಲ್ 6

ಓದಿ ಖುಷಿ ಆಯಿತು. ಒಂದು ಅನುಮಾನ ಇದೆ. ಅಷ್ಟು ದುಡ್ಡಿರುವ ದೇಶದಲ್ಲಿ ಈ ಕೆಲಸಕ್ಕೆ ಸರ್ಕಾರ ಜನ ಇಡುವುದಿಲ್ಲವಾ? ನಮ್ಮಲ್ಲಿ ಪುಕ್ಕಟೆ ಕೆಲಸ ಅಂದರೆ ಕೂಲಿಯವರ ಹೊಟ್ಟೆಗೆ ಹೊಡೆದ ಹಾಗೆ ಆಗುತ್ತದೆ. ಅದಕ್ಕೇ ಕೇಳಿದೆ.


ಕೋಥ್ರೂಡ್ ಧಾರವಾಡಿ, ಏಪ್ರಿಲ್ 7

ಸರಿಯಾದ ಪ್ರಶ್ನೆ ಅಣ್ಣಾ. ದೊಡ್ಡ ಯಂತ್ರ ಓಡಿಸುವವರಿಗೆ ಸಂಬಳ ಇರುತ್ತದೆ. ನಗರಸಭೆ ಸ್ವಲ್ಪ ದುಡ್ಡು ಕೊಡುತ್ತದೆ, ಉಳಿದದ್ದು ಸದಸ್ಯರ ವರ್ಷದ ಚಂದಾ. ಓಸ್ಲೋ ಸುತ್ತಲಿನ ಕಾಡಿನ ಸ್ಕೀ ದಾರಿಗಳನ್ನು ನೋಡಿಕೊಳ್ಳುವ ಸ್ಕೀಫೊರೆನಿಂಗೆನ್ ಅನ್ನುವ ಸಂಘ ಶುರುವಾದದ್ದು 1883ರಲ್ಲಿ. ಬೆಟ್ಟದ ಮೇಲಿನ ದಾರಿ, ಗುಡಿಸಲು ನೋಡಿಕೊಳ್ಳುವ ನಾರ್ವೆ ಟ್ರೆಕಿಂಗ್ ಸಂಘ ಇನ್ನೂ ಹಳೆಯದು, 1868ರದ್ದು. ಬೇಸಿಗೆ ದಾರಿಗೆ ಅವರು ಕಲ್ಲುಗುಡ್ಡೆ ಮೇಲೆ ಕೆಂಪು ಬಣ್ಣದ 'ಟಿ' ಅಕ್ಷರ ಬರೆಯುತ್ತಾರೆ. ಚಳಿಗಾಲದಲ್ಲಿ ಕಲ್ಲೇ ಮುಚ್ಚಿಹೋಗುತ್ತದೆ. ಆಗ ಮರ ಇಲ್ಲದ ಬೋಳು ಬೆಟ್ಟದಲ್ಲಿ ಸಾಲಾಗಿ ಕಡ್ಡಿ ನೆಡುತ್ತಾರೆ. ಈಸ್ಟರ್ ರಜೆಗೆ ಜನ ಗುಂಪುಗುಂಪಾಗಿ ಬೆಟ್ಟಕ್ಕೆ ಹೋಗುವ ಹೊತ್ತಿಗೆ ಅದು ಆಗಿರಬೇಕು. ಎದುರಿನದು ಏನೂ ಕಾಣದ ಬಿರುಗಾಳಿಯಲ್ಲಿ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹೋಗುತ್ತಾ ಮನೆ ಸೇರಬೇಕು.

ಊರವರು ಸೇರಿ ಮಾಡುವ ಕೆಲಸಕ್ಕೆ ಅವರ ಭಾಷೆಯಲ್ಲಿ 'ದುಗ್ನಾದ್' ಅನ್ನುತ್ತಾರೆ. ನಮ್ಮ ಅಜ್ಜನ ಕಾಲದ ಮುಯ್ಯಾಳು ನೆನಪಾಯಿತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅದನ್ನು ಯಾರೂ ಬಿಟ್ಟಿ ಚಾಕರಿ ಅನ್ನಲಿಲ್ಲ ಅಲ್ವಾ? ದುಗ್ನಾದ್‌ಗೆ ಬಾರದವರನ್ನು ಯಾರೂ ಕೇಳುವುದಿಲ್ಲ. ಆದರೆ ಬಂದವರಿಗೆ ಕಾಫಿ, ಬಿಸಿ ವಾಫಲ್ ಖಂಡಿತ ಇರುತ್ತದೆ.


ಮುಲುಂಡ್ ಮಂಡ್ಯ, ಏಪ್ರಿಲ್ 7

ನಾನು ಹಿಮ ನೋಡಿದ್ದು ಮನಾಲಿಯಲ್ಲಿ. ಅಲ್ಲಿನ ಪರ್ವತಾರೋಹಣ ಸಂಸ್ಥೆ 1961ರಿಂದ ಇದೆ. ಅವರ ಸ್ಕೀ ಕೋರ್ಸಿಗೆ ಮುಂಬೈಯಿಂದ ನಾವು ಇಬ್ಬರು ಹೋಗಿದ್ದೆವು. ಬೆಳಿಗ್ಗೆ ಜಾರಲು ಬಿಡುತ್ತಾರೆ ಅಂದುಕೊಂಡು ಸೋಲಾಂಗ್ ಇಳಿಜಾರಿಗೆ ಹೋದರೆ ಮೊದಲ ಕೆಲಸ ಹಿಮ ತುಳಿಯುವುದು. ಎಲ್ಲರೂ ಪಕ್ಕಪಕ್ಕ ನಿಂತು, ಸ್ಕೀ ಅಡ್ಡ ಹಿಡಿದು, ಒಂದೊಂದೇ ಅಡಿ ಮೇಲೆ ಹತ್ತುತ್ತಾ ಮೆತ್ತನೆ ಹಿಮವನ್ನು ಗಟ್ಟಿ ಮಾಡಬೇಕು. ತೊಡೆ ಬೆಂಕಿಯಾಗುತ್ತದೆ. ಆದರೆ ಆ ಇಳಿಜಾರು ನಾವೇ ಮಾಡಿದ್ದು ಅನ್ನುವ ಭಾವನೆ ಬಂದ ಮೇಲೆ, ಬಿದ್ದು ಗುಂಡಿ ಮಾಡಿದವನು ತಾನೇ ಎದ್ದು ಗುಂಡಿ ಮುಚ್ಚಿ ಹೋಗುತ್ತಿದ್ದ. ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗುಲ್ಮಾರ್ಗ್‌ನಲ್ಲಿ ಗೊಂಡೋಲ, ಅಂದರೆ ತಂತಿ ಮೇಲೆ ಹೋಗುವ ಡಬ್ಬಿ, ಇದೆ, ಔಲಿಗೆ ಜೋಶಿಮಠದಿಂದ ರೋಪ್‌ವೇ ಕಟ್ಟಿದ್ದಾರೆ. ಅವೆಲ್ಲ ಸರ್ಕಾರದ, ಸೈನ್ಯದ, ಪ್ರವಾಸದ ವ್ಯವಸ್ಥೆ. ಊರಿನವರೇ ತಮ್ಮ ಮನೆ ಹಿಂದಿನ ಹಿಮದ ದಾರಿ ಇಟ್ಟುಕೊಳ್ಳುವುದು ನಾನು ಎಲ್ಲೂ ನೋಡಿರಲಿಲ್ಲ. ಅದಕ್ಕೇ ನಿಮ್ಮ ಬರಹ ಎರಡು ಸಲ ಓದಿದೆ.


ಹಿಂಜೆವಾಡಿ ಹುಡುಗಿ, ಏಪ್ರಿಲ್ 8

ಅಣ್ಣಾ, ನನಗೆ ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ ಎಂಎಸ್ ಸೀಟು ಸಿಕ್ಕಿದೆ. ಆಗಸ್ಟ್‌ನಲ್ಲಿ ಹೊರಡುತ್ತೇನೆ. ಹುಟ್ಟಿದ್ದು ಸೊಲ್ಲಾಪುರ, ಹಿಮ ನೋಡಿದ್ದು ಫ್ರಿಜ್ಜಿನಲ್ಲಿ ಮಾತ್ರ. ಸ್ಕೀ ಬಾರದವರು ಇಂಥ ಕೆಲಸಕ್ಕೆ ಹೋದರೆ ಅವರಿಗೆ ತೊಂದರೆ ಆಗುವುದಿಲ್ಲವಾ? ಏನೇನು ಗೊತ್ತಿರಬೇಕು?


ಕೋಥ್ರೂಡ್ ಧಾರವಾಡಿ, ಏಪ್ರಿಲ್ 8

ಧೈರ್ಯವಾಗಿ ಹೋಗಮ್ಮ. ನೀನು ಆಗಸ್ಟ್‌ನಲ್ಲಿ ಹೋಗುತ್ತೀಯಲ್ಲ, ಅದು ಒಳ್ಳೆಯದೇ ಆಯಿತು. ಹಿಮ ಬೀಳುವ ಮುಂಚಿನ ಕೆಲಸಕ್ಕೆ ಸ್ಕೀ ಬರಬೇಕಾಗಿಲ್ಲ. ಕತ್ತರಿ, ಕುಂಟೆಕೋಲು, ಬಣ್ಣದ ಡಬ್ಬಿ ಹಿಡಿಯಲು ಬಂದರೆ ಸಾಕು. ಬೋರ್ಡಿನ ಬಣ್ಣ ಹೋಗಿರುತ್ತದೆ, ಅದಕ್ಕೆ ಬಣ್ಣ ಬಳಿಯುವುದೂ ಕೆಲಸವೇ. ಹಾಗೆ ಎರಡು ತಿಂಗಳು ಜನರ ಪರಿಚಯ ಆಗುತ್ತದೆ, ಡಿಸೆಂಬರ್ ಬರುವಷ್ಟರಲ್ಲಿ ಅವರೇ ಸ್ಕೀ ಕಲಿಸುತ್ತಾರೆ. ನನಗೂ ಹಾಗೇ ಆಯಿತು.

ಎರಡು ವಿಷಯ ಮಾತ್ರ ಗಮನದಲ್ಲಿರಲಿ. ಮೈಗೆ ತಾಗುವ ಬಟ್ಟೆ ಉಣ್ಣೆಯದ್ದಿರಲಿ, ಹತ್ತಿ ಬೇಡ. ಕೆಲಸ ಮಾಡುವಾಗ ಬೆವರುತ್ತೀ, ನಿಂತ ಕೂಡಲೇ ಒದ್ದೆ ಹತ್ತಿ ಮೈ ಕೊರೆಯುತ್ತದೆ. ಇನ್ನೊಂದು, ಹಿಮದ ಭಾರಕ್ಕೆ ಬಿಲ್ಲಿನಂತೆ ಬಾಗಿ ತುದಿ ನೆಲಕ್ಕೆ ಹೂತ ಎಳೆ ಮರ ಕಂಡರೆ ಹತ್ತಿರ ಹೋಗಬೇಡ. ನೋಡಲು ಚೆಂದ ಇರುತ್ತದೆ. ಗರಗಸ ತಾಗಿಸಿದರೆ ಬಿಗಿ ಬಿಟ್ಟು ಒಂದೇ ಏಟಿಗೆ ಮೇಲಕ್ಕೆ ಚಿಮ್ಮುತ್ತದೆ. ಅದನ್ನೂ ಮೆಷಿನ್ ಗರಗಸವನ್ನೂ ತರಬೇತಿ ಆದವರಿಗೇ ಬಿಡು.

ಇನ್ನೊಂದು ಹೇಳಲೇಬೇಕು. ಮೊದಲ ಹಿಮ ಬಿದ್ದ ದಿನ ಫೋನ್ ಬಂದರೆ ತಪ್ಪದೆ ಹೋಗು. ಜೌಗು ನೆಲದ ಮೇಲೆ ಮೆತ್ತನೆ ಹಿಮ ಕಂಬಳಿ ಹೊದಿಸಿದ ಹಾಗೆ ಕೂರುತ್ತದೆ, ಕೆಳಗಿನ ಕೆಸರು ಹೆಪ್ಪುಗಟ್ಟುವುದೇ ಇಲ್ಲ. ಆ ಹಿಮವನ್ನು ತುಳಿದು ಒತ್ತಿದರೆ ಚಳಿ ಕೆಳಗೆ ಇಳಿದು ನೆಲ ಕಲ್ಲಾಗುತ್ತದೆ. ಆಮೇಲೆ ಯಂತ್ರ ಹೋದರೂ ಹೂತುಕೊಳ್ಳುವುದಿಲ್ಲ. ನಾವು ಇಪ್ಪತ್ತು ಜನ ಸಾಲಾಗಿ, ಅಗಲ ಚಪ್ಪಲಿಯಂಥ ಸ್ನೋಶೂ ಕಟ್ಟಿಕೊಂಡು, ಸಂಜೆ ನಾಲ್ಕರ ಕತ್ತಲಲ್ಲಿ ತಲೆಗೆ ಟಾರ್ಚ್ ಹಾಕಿಕೊಂಡು ತುಳಿದಿದ್ದೆವು. ಆ ಸದ್ದು ಈಗಲೂ ಕಿವಿಯಲ್ಲಿದೆ. ಒಣ ರಾಗಿ ಹುಲ್ಲಿನ ಮೇಲೆ ನಡೆದ ಹಾಗೆ.


ಬಾಣೇರ್ ಅಕ್ಕ, ಏಪ್ರಿಲ್ 9

ಪುಣೆ ವಿಷಯಕ್ಕೆ ಬರೋಣ. ನನಗೆ ಬೇಸರ ಇದೆ, ಮುಚ್ಚಿಡುವುದಿಲ್ಲ. ಮೂರು ವರ್ಷದ ಹಿಂದೆ ಒಂದು ಕಂಪನಿಯವರು ಬಸ್ ಮಾಡಿಕೊಂಡು ನಮ್ಮ ಟೇಕಡಿಗೆ ಬಂದರು. ಒಂದೇ ಬಣ್ಣದ ಟೀ ಶರ್ಟು, ಇನ್ನೂರು ಜನ. ಗುಂಡಿ ತೋಡಿದರು, ಸಸಿ ನೆಟ್ಟರು, ಫೋಟೊ ತೆಗೆದರು, ಹೋದರು. ಅದು ಜುಲೈ. ಜನವರಿಗೆ ನೀರು ಹಾಕುವವರಿಲ್ಲ. ನಾನು, ನಮ್ಮ ಮನೆಯವರು ಕ್ಯಾನಿನಲ್ಲಿ ನೀರು ಹೊತ್ತು ಹನ್ನೊಂದು ಗಿಡ ಉಳಿಸಿದೆವು. ಉಳಿದದ್ದೆಲ್ಲ ಒಣಗಿತು. ದಾರಿ ಕೆಲಸವೂ ಒಂದು ಭಾನುವಾರದ ಸಂಭ್ರಮ ಆಗುವುದಾದರೆ ನಾನು ಬರುವುದಿಲ್ಲ.


ಕೋಥ್ರೂಡ್ ಧಾರವಾಡಿ, ಏಪ್ರಿಲ್ 9

ಅಕ್ಕಾ, ನೀವು ಹೇಳಿದ್ದೇ ನನ್ನ ಮನಸ್ಸಿನಲ್ಲೂ ಇತ್ತು. ಅಲ್ಲಿ ನಾನು ಕಲಿತ ದೊಡ್ಡ ಪಾಠ ಅದೇ. ನಮ್ಮ ಸಂಘದಲ್ಲಿ ಇಡೀ ದಾರಿ ಯಾರದ್ದೂ ಆಗಿರಲಿಲ್ಲ. ಈ ಸೇತುವೆಯಿಂದ ಆ ಬಂಡೆಯವರೆಗೆ ಇಂಥವರದ್ದು ಅಂತ ಹಂಚಿಕೆ. ಅಮೆರಿಕದ ವರ್ಮಾಂಟ್‌ನಲ್ಲಿ ರಾಜ್ಯದ ಉದ್ದಕ್ಕೂ 300 ಮೈಲಿ ಹೋಗುವ ಕ್ಯಾಟಮೌಂಟ್ ಅನ್ನುವ ಸ್ಕೀ ದಾರಿ ಇದೆ, 1984ರಲ್ಲಿ ಶುರುವಾದದ್ದು. ಅಲ್ಲೂ ತುಂಡು ತುಂಡಿಗೆ ಒಬ್ಬೊಬ್ಬ ಸ್ವಯಂಸೇವಕ ಹೊಣೆ. ನನ್ನ ಪಾಲಿಗೆ ಬಂದದ್ದು ನಾನೂರು ಮೀಟರ್. ಅದರಲ್ಲಿ ಎಲ್ಲಿ ನೀರು ನಿಲ್ಲುತ್ತದೆ, ಯಾವ ಬರ್ಚ್ ಮರ ವಾಲಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆ. ನಮಗೂ ಇಲ್ಲಿ ಇನ್ನೂರು ಜನ ಬೇಡ. ಐದು ವರ್ಷ ಬರುವ ಎಂಟು ಜನ ಸಾಕು.


ಪರ್ವತಿ ಮಾಮ, ಏಪ್ರಿಲ್ 10

ನಾನು ವಿಜಯಪುರ ಜಿಲ್ಲೆಯವ. ಪುಣೆಗೆ ಬಂದು 41 ವರ್ಷ. ಟೈಪ್ ಮಾಡುವುದು ನಿಧಾನ, ಕ್ಷಮಿಸಿ.

ಹೊಲಕ್ಕೆ ಒಡ್ಡು ಹಾಕಿದವರಿಗೆ ಇದು ಹೊಸ ವಿದ್ಯೆ ಅಲ್ಲ. ನೀರಿಗೆ ದಾರಿ ಸಿಕ್ಕರೆ ಅದು ದಾರಿಯನ್ನೇ ಹೊಳೆ ಮಾಡುತ್ತದೆ. ಕೊರಕಲಿಗೆ ಮಣ್ಣು ತುಂಬಿದರೆ ಮೊದಲ ಮಳೆಗೇ ಹೋಗುತ್ತದೆ. ನಮ್ಮ ಟೇಕಡಿಗಳಲ್ಲಿ ಮಣ್ಣು ಒಂದು ಗೇಣು, ಕೆಳಗೆ ಗರಸು, ಅದರ ಕೆಳಗೆ ಕರಿಬಂಡೆ. ಮಾಡಬೇಕಾದದ್ದು ಮೇಲ್ಗಡೆ. ಕೊರಕಲು ಶುರುವಾಗುವ ಜಾಗಕ್ಕಿಂತ ಹತ್ತು ಹೆಜ್ಜೆ ಮೇಲೆ, ದಾರಿಗೆ ಓರೆಯಾಗಿ ಕಲ್ಲಿನ ಸಾಲು ಹೂಳಬೇಕು. ನೇರ ಅಡ್ಡ ಇಟ್ಟರೆ ನೀರು ನಿಂತು, ಹಾರಿ, ಕೆಳಗೆ ಗುಂಡಿ ತೋಡುತ್ತದೆ. ಓರೆ ಇಟ್ಟರೆ ತಾನೇ ಪಕ್ಕಕ್ಕೆ ಸರಿದು ಹುಲ್ಲಿಗೆ ಹೋಗುತ್ತದೆ. ಕಲ್ಲಿನ ಮುಕ್ಕಾಲು ಪಾಲು ಮಣ್ಣೊಳಗಿರಬೇಕು, ಕಾಲು ಪಾಲು ಹೊರಗೆ. ನೀರು ಹೊರಬೀಳುವ ಬಾಯಿ ಅಗಲವಾಗಿರಬೇಕು. ಆ ಬಾಯಿಗೆ ಹೂಳು ತುಂಬುತ್ತದೆ, ವರ್ಷವರ್ಷವೂ ತೆಗೆಯಬೇಕು. ನಿಮ್ಮ ನಾರ್ವೆಯವರ ಮೋರಿ ಇದ್ದ ಹಾಗೆಯೇ.

ಎಲ್ಲಿ ಇಡಬೇಕು ಅಂತ ಬಿಸಿಲಲ್ಲಿ ತಿಳಿಯುವುದಿಲ್ಲ. ಜೋರು ಮಳೆಯಲ್ಲಿ ಕೊಡೆ ಹಿಡಿದು ಹೋಗಿ ನಿಂತು ನೋಡಬೇಕು. ನಾನು ಹೋದ ವರ್ಷ ನೋಡಿದ್ದೇನೆ. ಆರು ಜಾಗ ಗೊತ್ತಿದೆ. ಬಂದರೆ ತೋರಿಸುತ್ತೇನೆ.


ಬೊರಿವಲಿ ಓದುಗ, ಏಪ್ರಿಲ್ 10

ಮಾಮ, ನೀವು ಬರೆದದ್ದು ಓದಿ ಕಾನ್ಹೇರಿ ನೆನಪಾಯಿತು. ಮುಂಬೈಯ ನಮ್ಮ ನ್ಯಾಷನಲ್ ಪಾರ್ಕಿನೊಳಗಿನ ಆ 109 ಗುಹೆಗಳ ನಡುವೆ ಓಡಾಡಲು ಬಂಡೆಯಲ್ಲೇ ಮೆಟ್ಟಿಲು ಕಡಿದಿದ್ದಾರೆ, ಮಳೆನೀರು ಹೋಗಲು ಸಣ್ಣ ಕಾಲುವೆ ಕೊರೆದಿದ್ದಾರೆ. ನೀರು ತೊಟ್ಟಿಗೆ ಬೀಳುತ್ತದೆ, ಮೆಟ್ಟಿಲು ಉಳಿಯುತ್ತದೆ. ಹೋದ ಆಗಸ್ಟ್‌ನಲ್ಲಿ ಸುರಿಯುವ ಮಳೆಯಲ್ಲಿ ನಿಂತು ನೋಡಿದೆ. ಎರಡು ಸಾವಿರ ವರ್ಷದ ಹಿಂದೆ ಶುರುವಾದ ಕೆಲಸ, ಇನ್ನೂ ನೀರು ಹರಿಯುತ್ತಿದೆ.

ಒಂದು ಎಚ್ಚರಿಕೆ. ಅರಣ್ಯ ಇಲಾಖೆ ಜಾಗವಾದರೆ 1927ರ ಅರಣ್ಯ ಕಾಯ್ದೆ ಇದೆ. ಅನುಮತಿ ಇಲ್ಲದೆ ಕೊಂಬೆ ಕಡಿಯುವುದು, ಕಲ್ಲು ಅಗೆಯುವುದು ಅಪರಾಧ. ಒಳ್ಳೆಯ ಉದ್ದೇಶ ಅಂತ ಬಿಡುವುದಿಲ್ಲ. ಮೊದಲು ರೇಂಜ್ ಆಫೀಸಿಗೆ ಹೋಗಿ ಅರ್ಜಿ ಕೊಡಿ.


ಕೋಥ್ರೂಡ್ ಧಾರವಾಡಿ, ಏಪ್ರಿಲ್ 11

ನೆನಪಿಸಿದ್ದಕ್ಕೆ ಥ್ಯಾಂಕ್ಸ್. ನಾರ್ವೆಯಲ್ಲಿ 1957ರ ಕಾನೂನು ಇದೆ. ಊರಾಚೆಯ ಕಾಡು, ಬೆಟ್ಟದಲ್ಲಿ ಯಾರು ಬೇಕಾದರೂ ನಡೆಯಬಹುದು, ಜಾಗ ಖಾಸಗಿಯಾದರೂ. ಹಾಗಿದ್ದೂ ದಾರಿ ಮಾಡಲು, ಮರ ಕಡಿಯಲು ಜಾಗದ ಒಡೆಯನ ಒಪ್ಪಿಗೆ ಬೇಕೇ ಬೇಕು. ನಮ್ಮ ಸಂಘದ ಹಿರಿಯರು ಪ್ರತಿ ಸೆಪ್ಟೆಂಬರ್ ರೈತರ ಮನೆಗೆ ಹೋಗಿ ಕಾಫಿ ಕುಡಿದು ಕೇಳಿ ಬರುತ್ತಿದ್ದರು. ಸೋಮವಾರ ನಾನು ಆಫೀಸಿಗೆ ಹೋಗುತ್ತೇನೆ. ಮರಾಠಿಯಲ್ಲಿ ಅರ್ಜಿ ಬರೆಯಲು ಬಾಣೇರ್ ಅಕ್ಕ ಸಹಾಯ ಮಾಡುತ್ತೀರಾ?


ಬಾಣೇರ್ ಅಕ್ಕ, ಏಪ್ರಿಲ್ 11

ಬರೆದು ಕೊಡುತ್ತೇನೆ. ಎಂಟು ಜನರಲ್ಲಿ ನನ್ನ ಹೆಸರೂ ಸೇರಿಸಿ.


ಮಡಗಾಂವ್ ಕಾರವಾರ, ಏಪ್ರಿಲ್ 13

ಗೋವಾದಿಂದ ಒಂದು ಮಾತು. ದಾರಿ ಬರೀ ನಡೆಯುವವರಿಗೆ ಅಂದುಕೊಳ್ಳಬೇಡಿ. 2023ರ ಮಾರ್ಚ್‌ನಲ್ಲಿ ಇಲ್ಲಿ ಮಹದಾಯಿ ಅಭಯಾರಣ್ಯಕ್ಕೆ ಬೆಂಕಿ ಬಿದ್ದಾಗ ನೌಕಾಪಡೆಯ ಹೆಲಿಕಾಪ್ಟರ್ ನೀರು ಸುರಿಯಿತು. ಆದರೆ ಮರಗಳ ಕೆಳಗೆ ಎಲೆಯಡಿ ಹರಿಯುವ ಬೆಂಕಿಯನ್ನು ಮನುಷ್ಯರೇ ಹಸಿ ಸೊಪ್ಪು ಹಿಡಿದು ಬಡಿಯಬೇಕು. ಅವರು ಅಲ್ಲಿಗೆ ತಲುಪಲು ಕಾಲುದಾರಿ ತೆರೆದಿರಬೇಕು. ನಿಮ್ಮ ಕಡೆ ಬೇಸಿಗೆಯಲ್ಲಿ ಟೇಕಡಿ ಹುಲ್ಲಿಗೆ ಬೀಳುವ ಬೆಂಕಿಗೆ 'ವಣವಾ' ಅನ್ನುತ್ತಾರೆ ಅಲ್ವಾ? ಇಲಾಖೆಯವರು ಬೆಂಕಿ ದಾಟದ ಹಾಗೆ ಹುಲ್ಲು ತೆಗೆದು ಬೆಂಕಿ ರೇಖೆ ಮಾಡುವಾಗ ನೀವೂ ಜೊತೆಗೆ ನಿಲ್ಲಿ. ಅದು ಚಳಿಗಾಲದ ಕೆಲಸ. ನಿಮ್ಮ ಹಿಮದ ದಾರಿಯವರು ಚಳಿಗಾಲದಲ್ಲಿ ದುಡಿದ ಹಾಗೆ.


ಕೋಥ್ರೂಡ್ ಧಾರವಾಡಿ, ಮೇ 4

ಸುದ್ದಿ ಇದೆ. ಮೂರು ಸಲ ಓಡಾಡಿದ ಮೇಲೆ ಅನುಮತಿ ಸಿಕ್ಕಿತು. ಷರತ್ತುಗಳಿವೆ. ಗಿಡ, ಕೊಂಬೆ ಮುಟ್ಟುವಂತಿಲ್ಲ. ಹೊರಗಿಂದ ಸಿಮೆಂಟು ತರುವಂತಿಲ್ಲ. ಅಲ್ಲೇ ಬಿದ್ದಿರುವ ಬಿಡಿ ಕಲ್ಲು ಮಾತ್ರ. ಒಬ್ಬ ವನರಕ್ಷಕರು ಜೊತೆಗಿರುತ್ತಾರೆ. ನನಗೆ ಈ ಷರತ್ತುಗಳು ಸರಿ ಅನಿಸಿದವು.

ನಿನ್ನೆ ಬೆಳಿಗ್ಗೆ ಐದೂವರೆಗೆ ಏಳು ಜನ ಸೇರಿದೆವು. ಎರಡು ಹಾರೆ, ಮೂರು ಗುದ್ದಲಿ, ನಾಲ್ಕು ಪುಟ್ಟಿ. ಪರ್ವತಿ ಮಾಮ ಕೋಲು ಹಿಡಿದು ಆರೂ ಜಾಗ ತೋರಿಸಿದರು. ವನರಕ್ಷಕರು ಮೊದಲೇ ಒಂದು ಪಾಠ ಹೇಳಿದರು. ಕಲ್ಲಿಗೆ ಬರಿಗೈ ಹಾಕಬೇಡಿ, ಹಾರೆಯಿಂದ ನಿಮ್ಮ ಕಡೆಗೆ ಮಗುಚಿ, ಬಾಯಿ ಆ ಕಡೆ ತೆರೆಯಬೇಕು. ಕೆಳಗೆ ಫುರಸೆ ಅನ್ನುವ ವಿಷದ ಹಾವು ಇದ್ದರೆ ನಿಮ್ಮಿಂದ ದೂರ ಹೋಗುತ್ತದೆ ಅಂತ. ಮೂರನೇ ಕಲ್ಲಿನ ಕೆಳಗೆ ಒಂದು ದೊಡ್ಡ ಚೇಳು ಇತ್ತು. ಅದು ಹೋಗುವವರೆಗೆ ಎಲ್ಲರೂ ಸುಮ್ನೆ ನಿಂತೆವು.

ಒಂಬತ್ತು ಗಂಟೆಗೆ ಬಿಸಿಲು ಸುಡಲು ಶುರುವಾಯಿತು. ಅಷ್ಟರಲ್ಲಿ ಮೂರು ಸಾಲು ಆಗಿತ್ತು. ಬಾಣೇರ್ ಅಕ್ಕ ಡಬ್ಬಿ ತುಂಬ ಅವಲಕ್ಕಿ, ಮಜ್ಜಿಗೆ ತಂದಿದ್ದರು. ಉಳಿದ ಮೂರು ಸಾಲು ಮುಂದಿನ ಎರಡು ಭಾನುವಾರ.


ಹಿಂಜೆವಾಡಿ ಹುಡುಗಿ, ಮೇ 5

ನಾನೂ ಬಂದಿದ್ದೆ. ಅಂಗೈಯಲ್ಲಿ ಎರಡು ಬೊಬ್ಬೆ. ಬದಿಯ ಮೂರು ಅಡ್ಡದಾರಿಗಳ ಬಾಯಿಗೆ ಒಣ ಮುಳ್ಳುಕಂಟಿ ಅಡ್ಡ ಇಟ್ಟೆವಲ್ಲ, ಇವತ್ತು ಬೆಳಿಗ್ಗೆ ಹೋಗಿ ನೋಡಿದೆ. ಜನ ಅದನ್ನು ನೋಡಿ ಹಳೇ ದಾರಿಗೇ ತಿರುಗುತ್ತಿದ್ದರು. ಒಬ್ಬರು ಮಾತ್ರ ಕಂಟಿ ಸರಿಸಿ ಹೋದರು. ಯಾಕೆ ಇಟ್ಟಿದ್ದೇವೆ ಅಂತ ಹೇಳಿದೆ, ವಾಪಸ್ ಬಂದು ತಾವೇ ಸರಿಯಾಗಿ ಇಟ್ಟರು.


ಪರ್ವತಿ ಮಾಮ, ಜೂನ್ 14

ನಿನ್ನೆ ಸಂಜೆ ನಾಲ್ಕರಿಂದ ಜೋರು ಮಳೆ. ಮನೆಯಲ್ಲಿ ಬೇಡ ಅಂದರು, ಆದರೂ ಕೊಡೆ ಹಿಡಿದು ಹೋದೆ. ಮೊದಲ ಸಾಲಿನ ಹತ್ತಿರ ನಿಂತೆ. ಮೇಲಿಂದ ಕೆಂಪು ನೀರು ದಾರಿ ತುಂಬ ಬಂತು. ಕಲ್ಲಿಗೆ ಬಡಿಯಿತು, ಒಂದು ಕ್ಷಣ ತಡೆಯಿತು, ಆಮೇಲೆ ಎಡಕ್ಕೆ ಹೊರಳಿ ಹುಲ್ಲಿನೊಳಗೆ ಹೋಯಿತು. ಸಾಲಿನ ಕೆಳಗೆ ದಾರಿ ಬರೀ ಒದ್ದೆ, ಹರಿವು ಇಲ್ಲ. ತುಂಬಾ ಹೊತ್ತು ನೋಡುತ್ತಾ ನಿಂತಿದ್ದೆ.

ಎರಡನೆಯದು, ನಾಲ್ಕನೆಯದು, ಐದನೆಯದು ಸರಿ ಇವೆ. ಆರನೆಯದರ ಬಾಯಿ ಕಿರಿದಾಗಿದೆ, ಆಗಲೇ ಅರ್ಧ ಹೂಳು. ಮೂರನೆಯದರಲ್ಲಿ ಒಂದು ಕಲ್ಲು ಅಲ್ಲಾಡಿ ಸಂದಿಯಿಂದ ನೀರು ನುಗ್ಗುತ್ತಿದೆ. ಹೀಗೇ ಬಿಟ್ಟರೆ ಜುಲೈಗೆ ಕಿತ್ತುಹೋಗುತ್ತದೆ.


ಕೋಥ್ರೂಡ್ ಧಾರವಾಡಿ, ಜೂನ್ 14

ಮಾಮ, ಒಬ್ಬರೇ ಹೋಗಬೇಡಿ, ಜಾರುತ್ತದೆ. ಮುಂದಿನ ಸಲ ಫೋನ್ ಮಾಡಿ, ನಾನು ಬರುತ್ತೇನೆ. ಭಾನುವಾರ ಬೆಳಿಗ್ಗೆ ಆರಕ್ಕೆ ಸೇರೋಣ. ವನರಕ್ಷಕರಿಗೆ ನಾನು ಹೇಳುತ್ತೇನೆ. ಮೂರನೆಯದಕ್ಕೆ ದೊಡ್ಡ ಕಲ್ಲು ಒಂದು ಬೇಕು, ಎತ್ತಲು ನಾಲ್ಕು ಜನ. ಬೂಟಿಗೆ ಹಿಡಿತ ಚೆನ್ನಾಗಿರಲಿ. ಅಕ್ಕಾ, ಈ ಸಲ ಅವಲಕ್ಕಿ ನಮ್ಮ ಮನೆಯಿಂದ.